ಗುಳೇದಗುಡ್ಡದ ಖಣ, ಇಳಕಲ್ಲಿನ ಸೆರಗು

ಕಳೆದ ಮಾಘಮಾಸದಲ್ಲಿ ಬಾಗಲಕೋಟೆ ಜಿಲ್ಲೆಯ ಎರಡು ನೇಕಾರ ಊರುಗಳನ್ನು ಸಂದರ್ಶಿಸುವ ಯೋಗ ನಮಗೆ ಒದಗಿಬಂದಿತು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಈ ದಾರಿಯಲ್ಲಿ ನಾವು ಹಲವು ಸಲ ಸಂಚರಿಸಿದ್ದುಂಟು. ಆಗ ನಮ್ಮ ಲಕ್ಷ್ಯವೆಲ್ಲ ಬಾದಾಮಿ, ಐಹೊಳೆಗಳ ಶಾಸನಗಳ ಮೇಲಿರುತ್ತಿತ್ತು. ಓಣಿಯ ಮಗ್ಗಗಳ ಸಪ್ಪಳಕ್ಕೆ ಕಿವಿಗೊಟ್ಟಿರಲಿಲ್ಲ. ಈ ಸಲ ಒಂದು ಹಳೆಯ ಸೀರೆಯ ನಿಮಿತ್ತವಾಗಿ ಆ ಮಗ್ಗಗಳ ಮುಂದೆಯೇ ಕುಳಿತುಕೊಳ್ಳಬೇಕಾಯಿತು.

ಸಂಗತಿ ಹೀಗಿದೆ. ನಮ್ಮ ಅಣ್ಣನವರ ಮೊಮ್ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಅಲ್ಲಿ ಹೊಸದಾಗಿ ಮನೆ ಮಾಡಿದ ಅವಳಿಗೆ, ಮನೆಯ ಒಳಗೆಲ್ಲ ಅಜ್ಜಿಯ ಕಾಲದ ಸೊಬಗು ಇರಬೇಕೆಂಬ ಹಂಬಲ. ಹಿತ್ತಾಳೆಯ ಸಮೆ, ಕಟ್ಟಿಗೆಯ ಪೆಟ್ಟಿಗೆ, ಗೋಡೆಯ ಹಳೆಯ ಗಡಿಯಾರ ಇವೆಲ್ಲ ಕೂಡಿದವು. ಇಂದಿನ ತರುಣರಲ್ಲಿ ಇಂತಹ ಅಭಿರುಚಿ ಬೆಳೆಯುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಊರಮನೆಯ ಟ್ರಂಕಿನಲ್ಲಿದ್ದ, ನಮ್ಮ ದಿವಂಗತ ಅತ್ತಿಗೆಯವರ ಲಗ್ನದ ಇಳಕಲ್ಲ ಸೀರೆಯೂ ಎರಡು ಖಣದ ಕುಪ್ಪಸಗಳೂ ಅವಳ ಕಣ್ಣಿಗೆ ಬಿದ್ದಾಗ ತೊಡಕು ಹುಟ್ಟಿತು. ಅವುಗಳನ್ನು ಕತ್ತರಿಸಿ ಸೋಫಾದ ದಿಂಬುಗಳಿಗೆ ಗವಸು ಹೊಲಿಸುವೆನೆಂದು ಅವಳೆಂದಳು. “ಅತ್ತಿಯವರ ಲಗ್ನದ ಸೀರಿಗೆ ಕತ್ತರಿ ಹಚ್ಚಾಕ ನಾ ಬಿಡಂಗಿಲ್ಲ” ಎಂದು ಅವಳ ತಾಯಿ ಕಣ್ಣೀರು ತಂದಳು. ತಾಯಿ ಮಗಳ ನಡುವೆ ಎರಡು ದಿನ ಮಾತು ನಿಂತುಹೋಯಿತು. ನ್ಯಾಯ ನಮ್ಮಲ್ಲಿಗೆ ಬಂದಿತು. ನಮಗೂ ತಕ್ಷಣಕ್ಕೆ ಉತ್ತರ ತೋಚದೆ, ನೇಯುವವರನ್ನೇ ಕೇಳೋಣವೆಂದು ಸೀರೆ ಕುಪ್ಪಸಗಳ ಗಂಟಿನೊಡನೆ ಇಬ್ಬರನ್ನೂ ಕರೆದುಕೊಂಡು ಹೊರಟೆವು.

ಗುಳೇದಗುಡ್ಡವು ಕೆಂಪು ಕಲ್ಲಿನ ಗುಡ್ಡಗಳ ಮಗ್ಗುಲಲ್ಲಿರುವ ಊರು. ಮೊದಲು ವಿಜಾಪುರ ಜಿಲ್ಲೆಯಲ್ಲಿದ್ದು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಈ ಊರಿನ ಹೆಸರನ್ನು ಉತ್ತರ ಕರ್ನಾಟಕ, ಮಹಾರಾಷ್ಟ್ರಗಳ ಮನೆಮನೆಗೆ ಮುಟ್ಟಿಸಿದ್ದು ಖಣ. ಕುಪ್ಪಸಕ್ಕೆಂದೇ ನೇಯುವ ಈ ಅರಿವೆಯಲ್ಲಿ ರೂಢಿಯಂತೆ ಹಾಸು ರೇಷ್ಮೆಯದು, ಹೊಕ್ಕು ಹತ್ತಿಯ ನೂಲಿನದು. ಹಾಸಿನಲ್ಲಿ ಹೆಚ್ಚಿನ ಎಳೆಗಳನ್ನು ಸೇರಿಸಿ, ಬೇಕಾದಲ್ಲಿ ಅವುಗಳನ್ನು ಮೇಲೆತ್ತಿ ಚಿತ್ತಾರ ಮೂಡಿಸುತ್ತಾರೆ. ತೇರು, ತೊಟ್ಟಿಲು, ನಾಗಮುರಿಗೆ, ಆನೆಹೆಜ್ಜೆ, ಸೂರ್ಯನಾರಾಯಣ ಎಂದು ಆ ಚಿತ್ತಾರಗಳಿಗೆ ಹೆಸರು. ಮುತ್ತೈದೆಗೆ ಉಡಿ ತುಂಬುವಾಗ ಖಣ ಬೇಕು. ಬಸುರಿಯ ಸೀಮಂತಕ್ಕೇ ನಮ್ಮ ಕಡೆ ‘ಕುಬಸ’ವೆಂದು ಹೆಸರು. ನಮ್ಮ ಹೆಣ್ಣುಮಕ್ಕಳ ಬಾಳುವೆಯಲ್ಲಿ ಈ ಅರಿವೆ ಎಷ್ಟು ಹಾಸುಹೊಕ್ಕಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪರಿಚಿತರೊಬ್ಬರು ನಮ್ಮನ್ನು ಒಂದು ಮನೆಗೆ ಕರೆದೊಯ್ದರು. ಪಡಸಾಲೆಯ ಅರ್ಧವನ್ನು ಮಗ್ಗವೇ ಆಕ್ರಮಿಸಿತ್ತು. ನಮ್ಮ ಓರಗೆಯ ಹಿರಿಯ ನೇಕಾರರು ಲಾಳಿಯನ್ನು ಬದಿಗಿಟ್ಟು, ಕುಪ್ಪಸವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ತೊಟ್ಟಿಲ ಖಣರೀ ಗುರುಗಳ” ಎಂದರು. ಪೇಟೆಯಲ್ಲಿ ಖಣಕ್ಕೆ ಈಗ ಮತ್ತೆ ಕಾಲ ಬಂದಿದೆಯಲ್ಲವೇ ಎಂದು ಕೇಳಿದೆವು.

“ಬೇಡಿಕಿ ಐತ್ರೀ. ಸೀರಿ ಮಾಡ್ತಾರ, ಚೀಲಾ ಮಾಡ್ತಾರ, ಪರದೆ ಮಾಡ್ತಾರ. ಆದ್ರ ಅದರಾಗ ಬಾಳಷ್ಟು ಯಂತ್ರದ ಮಗ್ಗದ್ದು, ಪಾಲಿಸ್ಟರ್ ಎಳೀದು. ಹೆಸರು ನಮ್ಮೂರ್ದು, ಕೂಲಿ ಮಾತ್ರ ನಮ್ಮ ಕೈಗೆ ಬರೂದಿಲ್ಲ. ಈ ಓಣ್ಯಾಗ ಮನಿಗೊಂದು ಮಗ್ಗ ಇದ್ವು. ಈಗ ಮೂರು ಉಳದಾವು. ನಮ್ಮ ಹುಡುಗರು ಕೂಡ್ರೂದಿಲ್ಲ.”

ಮೊಮ್ಮಗಳು ತನ್ನ ಮನೆಯ ವಿಚಾರ ತಿಳಿಸಿ, ಈ ಕುಪ್ಪಸಗಳನ್ನು ಕತ್ತರಿಸಬಹುದೇ ಎಂದು ಕೇಳಿದಳು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಮನೀದು, ನಾ ಬ್ಯಾಡ ಅನ್ನೂದಿಲ್ಲ ಯವ್ವಾ. ಹಳೇದನ್ನ ಕತ್ತರಿಸಿದ್ರ ನಿನ್ನ ಮನಿ ಚಂದ ಕಾಣತೈತಿ. ಇದ ತೊಟ್ಟಿಲಾ ಹೊಸದಾಗಿ ನೇಯಿಸಿದ್ರ ನನ್ನ ಮಗ್ಗಾನೂ ನಡೀತೈತಿ” ಎಂದರು. ಆಕೆ ಮರುಮಾತಾಡದೆ ಕುಪ್ಪಸಗಳನ್ನು ಮಡಿಚಿ ತಾಯಿಯ ಕೈಗಿತ್ತಳು. ದಿಂಬುಗಳಿಗೆ ಬೇಕಾಗುವಷ್ಟು ಖಣಕ್ಕೆ ಅಲ್ಲಿಯೇ ಮುಂಗಡ ಕೊಟ್ಟಳು. ಯುಗಾದಿಯವರೆಗೆ ಕಾಯಬೇಕೆಂದಾಗಲೂ ಬೇಸರಿಸಲಿಲ್ಲ.

ಉಳಿದದ್ದು ಸೀರೆಯ ಪ್ರಶ್ನೆ. ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದದ ಮೇಲೆ ಹಾಯ್ದು ಇಳಕಲ್ಲನ್ನು ತಲುಪುವಾಗ ಸಂಜೆಯಾಗಿತ್ತು.

ಇಳಕಲ್ಲ ಸೀರೆಯ ವೈಶಿಷ್ಟ್ಯವನ್ನು ಅಲ್ಲಿಯ ಕುಣಿಮಗ್ಗದ ಬಳಿ ನೋಡಿ ತಿಳಿಯಬೇಕು. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಮತ್ತೊಂದು ಹಾಸು. ಮೈಯ ಎಳೆಗಳನ್ನು ಸೆರಗಿನ ಎಳೆಗಳೊಂದಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆದಕಾರಣ 6 ಗಜವಿರಲಿ, 8 ಅಥವಾ 9 ಗಜವಿರಲಿ, ಪ್ರತಿಯೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಕೆಂಪು ಸೆರಗಿನಲ್ಲಿ ಬಿಳಿಯ ಚಿತ್ತಾರ: ಬಾಚಣಿಕೆಯಂಥ ಹಣಿಗೆ, ಕೋಟೆಯ ತೆನೆಯಂಥ ಸಾಲು, ಜೋಳದ ತೆನೆ. ನಮ್ಮ ಸೀಮೆಯ ಹೊಲ, ಕೋಟೆ, ಮನೆಯ ಮಾಡ ಎಲ್ಲವೂ ಹೆಣ್ಣುಮಕ್ಕಳ ಹೆಗಲ ಮೇಲೆ ಬಂದು ಕುಳಿತಂತಿದೆ.

ಅತ್ತಿಗೆಯವರ ಸೀರೆಯನ್ನು ಬಿಚ್ಚಿ ತೋರಿಸಿದೆವು. ಮಡಿಕೆ ಮಡಿಕೆಗೂ ಮೈ ಪಿಸಿದುಹೋಗಿತ್ತು. ಸೆರಗು ಮಾತ್ರ ಗಟ್ಟಿಯಾಗಿತ್ತು. ಮನೆಯ ಹಿರಿಯ ತಾಯಿ ಅದನ್ನು ಸವರಿ ನೋಡಿ, “ಸೆರಗ ತಗದು ಇಟ್ಕೊಳ್ರಿ. ಮೈಯಿಂದ ಕೌದಿ ಹೊಲೀರಿ. ನಿಮ್ಮ ಅತ್ತಿಯವರು ಇದ್ದಿದ್ರ ಅದನ್ನ ಮಾಡತಿದ್ರು” ಎಂದು ಸೊಸೆಯತ್ತ ತಿರುಗಿ ಹೇಳಿದರು.

ಈ ಮಾತಿನಿಂದ ನಮ್ಮ ಕಣ್ಣು ತೆರೆಯಿತು. ನಮ್ಮ ಮನೆಗಳಲ್ಲಿ ಹರಿದ ಸೀರೆ, ಧೋತರಗಳನ್ನು ಹಿಂದೆ ಯಾರೂ ಪೂಜೆಗಿಟ್ಟಿರಲಿಲ್ಲ. ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ದಾರದ ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ನಾವೂ ಅಂಥ ಕೌದಿಗಳಲ್ಲಿಯೇ ಬೆಳೆದವರು. ಪಾಠಶಾಲೆಗೆ ಹೊರಟ ದಿನ ತಾಯಿಯವರು ನಮ್ಮ ಹಾಸಿಗೆಯ ಸುರುಳಿಯಲ್ಲಿ ಇಟ್ಟದ್ದೂ ತಮ್ಮ ಸೀರೆಯ ಕೌದಿಯನ್ನೇ. ಉಡುವಷ್ಟು ದಿನ ಉಟ್ಟು, ಹರಿದ ಮೇಲೆ ಹೊದೆಯುವುದು ಹಿರಿಯರ ರೀತಿಯಾಗಿತ್ತು. ಗಟ್ಟಿಯಾದುದನ್ನು ಅಲಂಕಾರಕ್ಕಾಗಿ ಕತ್ತರಿಸುವುದೂ ಜೀರ್ಣವಾದುದನ್ನು ಟ್ರಂಕಿನಲ್ಲಿ ಹುಳುವಿಗೆ ಒಪ್ಪಿಸುವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ತಾಯಿ ಮಗಳಿಬ್ಬರ ಹಟದಲ್ಲಿಯೂ ಅರ್ಧರ್ಧ ಸತ್ಯವಿತ್ತೆಂದು ಆಗ ನಮಗೆ ತಿಳಿಯಿತು.

ಮನೆಯಲ್ಲಿ ಹಳೆಯ ಸೊಬಗು ಬೇಕೆನ್ನುವ ತರುಣ ಸಹೋದರ ಸಹೋದರಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಕೊಳ್ಳುವಾಗ ಇದು ಎಲ್ಲಿ ನೇಯ್ದದ್ದು, ಯಾವ ಮಗ್ಗದ್ದು ಎಂದು ಕೇಳಿರಿ. ಖಣವನ್ನು ತಿರುವಿ ಹಿಂಬದಿಯನ್ನು ನೋಡಿರಿ. ಅಚ್ಚೊತ್ತಿದ ಚಿತ್ತಾರಕ್ಕೂ ನೇಯ್ದ ಚಿತ್ತಾರಕ್ಕೂ ಇರುವ ಭೇದ ಅಲ್ಲಿ ತಿಳಿಯುತ್ತದೆ. ಇಳಕಲ್ಲ ಸೀರೆಯಲ್ಲಿ ಮೈಗೂ ಸೆರಗಿಗೂ ನಡುವಣ ಕೊಂಡಿಗಳ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಕೇಂದ್ರ ಸರಕಾರವು 2006ರಲ್ಲಿ ಆರಂಭಿಸಿದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಎಂಬುದನ್ನೂ ಗಮನಿಸಿರಿ. ಬೆಲೆ ತುಸು ಹೆಚ್ಚಾಗಬಹುದು. ಆ ಹೆಚ್ಚಿನ ಬೆಲೆ ಒಬ್ಬರ ದಿನಗಳ ದುಡಿಮೆಯದು. ಜೇಡರ ದಾಸಿಮಯ್ಯನವರಂಥ ಆದ್ಯ ವಚನಕಾರರು ಮಗ್ಗದಲ್ಲಿ ಕುಳಿತು ಬಾಳಿದ ನಾಡಿದು. ಅವರ ಕಾಯಕವನ್ನು ಕೊಂಡಾಡುವ ನಾವು, ಇಂದು ಅದೇ ಕಾಯಕದಲ್ಲಿರುವವರ ಮಗ್ಗ ನಿಲ್ಲುವಂತೆ ನಡೆದುಕೊಳ್ಳಬಾರದು.

ಯುಗಾದಿಯ ಮರುವಾರ ತೊಟ್ಟಿಲ ಖಣ ಬಂದು ತಲುಪಿತು. ಸೆರಗು ಮತ್ತು ಕುಪ್ಪಸಗಳು ತಾಯಿಯ ಟ್ರಂಕಿನಲ್ಲಿ ಕ್ಷೇಮವಾಗಿವೆ. ಕೌದಿಯ ಹೊಲಿಗೆ ಇನ್ನೂ ಮುಗಿದಿಲ್ಲ. ಮಗಳು ರಜೆಗೆ ಬಂದಾಗಲೆಲ್ಲ ತಾಯಿಯ ಎದುರಿಗೆ ಕುಳಿತು ಒಂದೊಂದು ಸಾಲು ಹಾಕಿ ಹೋಗುತ್ತಿದ್ದಾಳೆ.