ನಡುಮನೆಯ ಚೌಕಾಬಾರ

ಕವಡೆಯನ್ನೋ ಹುಣಸೆ ಬೀಜವನ್ನೋ ಉರುಳಿಸಿ, ಅಡ್ಡಕ್ಕೆ ಐದು, ಉದ್ದಕ್ಕೆ ಐದರಂತೆ ಬರೆದ 25 ಮನೆಗಳಲ್ಲಿ ಕಾಯಿ ನಡೆಸುವ ಚೌಕಾಬಾರವು ಕನ್ನಡನಾಡಿಗೆ ಹಳೆಯ ಪರಿಚಯದ ಆಟವಾದರೂ, ಅದನ್ನು ಮಣೆಯಿಂದ ಇಳಿಸಿ ನಡುಮನೆಯ ನೆಲದಷ್ಟು ಹಿಗ್ಗಿಸಿ, ಬಳೆಚೂರಿನ ಬದಲು ಮಗುವನ್ನೇ ಕಾಯಿಯಾಗಿ ನಿಲ್ಲಿಸಿದರೆ ಅದರ ಸೊಗಸೇ ಬೇರೆ. ಜಡಿಮಳೆ ಹಿಡಿದು ಮಕ್ಕಳು ಹೊಸಿಲು ದಾಟಲಾಗದ ಆಷಾಢದ ಮಧ್ಯಾಹ್ನಗಳಿಗೆ ಇದಕ್ಕಿಂತ ಒಳ್ಳೆಯ ಆಟ ಹುಡುಕುವುದು ಕಷ್ಟ. ಬೇಕಾದದ್ದು ಒಂದು ತುಂಡು ಸೀಮೆಸುಣ್ಣ, ನಾಲ್ಕು ಹುಣಸೆ ಬೀಜ. ದೊಡ್ಡ ಟೈಲ್ಸ್ ಹಾಸಿದ ಮನೆಗಳಲ್ಲಂತೂ ಗೆರೆ ಎಳೆಯುವ ಶ್ರಮವೂ ಇಲ್ಲ, ಗಾರೆಯವನೇ ಮಣೆಯನ್ನು ಸಿದ್ಧಪಡಿಸಿ ಹೋಗಿರುತ್ತಾನೆ.

ಆಟ ಆರಂಭವಾಗುವುದು ಬೀಜ ತೇಯುವುದರಿಂದ. ಹುಣಸೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಉಜ್ಜಿದಾಗ ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣಿಸಿಕೊಳ್ಳುತ್ತದೆ, ಪುಟ್ಟ ಬೆರಳುಗಳಿಗೆ ಹಿಡಿತ ಬರುತ್ತದೆ, ಜೊತೆಗೆ ಬೀಜ ಚುರುಕ್ಕೆನ್ನುವಷ್ಟು ಬಿಸಿಯಾಗುತ್ತದೆ. ಆ ಬಿಸಿಯನ್ನು ಪಕ್ಕದವರ ತೋಳಿಗೆ ಮುಟ್ಟಿಸುವ ಕೀಟಲೆಯನ್ನು ಯಾವ ಮಗುವಿಗೂ ಕಲಿಸಬೇಕಾಗಿಲ್ಲ. ಘರ್ಷಣೆಯಿಂದ ಶಾಖ ಹುಟ್ಟುತ್ತದೆಂಬ ಪಾಠ ಪುಸ್ತಕಕ್ಕಿಂತ ಮೊದಲು ಚರ್ಮಕ್ಕೆ ತಿಳಿಯುತ್ತದೆ.

ಬೀಜಗಳನ್ನು ಉರುಳಿಸಿದಾಗ ಎಷ್ಟು ಬಿಳಿ ಮುಖಗಳು ಮೇಲಾಗುತ್ತವೆಯೋ ಅಷ್ಟು ಗರ ಬಿದ್ದಂತೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಕಂದಾದರೆ ಬಾರ, ಅಂದರೆ ಎಂಟು. ಕೆಲವು ಸಲ ಆಡಿದ ಮಗು ಎರಡು, ಮೂರು ಬಿದ್ದಾಗ ಬೆರಳಿಟ್ಟು ಎಣಿಸುವುದನ್ನು ಬಿಟ್ಟು ನೋಡಿದೊಡನೆ ಗರ ಕೂಗತೊಡಗುತ್ತದೆ. ಚಿಕ್ಕ ಗುಂಪಿನ ಸಂಖ್ಯೆಯನ್ನು ಎಣಿಸದೆ ಒಂದೇ ನೋಟಕ್ಕೆ ಗ್ರಹಿಸುವ ಈ ಶಕ್ತಿಯನ್ನು ಮುಂದಿನ ಗಣಿತಕ್ಕೆ ತಳಹದಿಯೆಂದು ಶಿಕ್ಷಣಜ್ಞರು ಪರಿಗಣಿಸುತ್ತಾರೆ. ಬೀಜಗಳು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುವೆಂದುಕೊಂಡರೆ, ಒಟ್ಟು 16 ಸಾಧ್ಯತೆಗಳಲ್ಲಿ ಎರಡರ ಗರಕ್ಕೆ 6 ದಾರಿಗಳಿದ್ದರೆ ಚೌಕಕ್ಕೂ ಬಾರಕ್ಕೂ ಇರುವುದು ಒಂದೊಂದೇ. ಈ ಲೆಕ್ಕ ಮಗುವಿಗೆ ತಿಳಿಯದು, ಆದರೆ ಬಾರ ಬಿದ್ದಾಗ ಅದು ಹಾಕುವ ಕೇಕೆಯಲ್ಲಿ ಲೆಕ್ಕದ ಸಾರವೆಲ್ಲ ಇರುತ್ತದೆ.

ನಿಜವಾದ ಕಲಿಕೆ ನಡೆಯುವುದು ಹೆಜ್ಜೆಯಲ್ಲಿ. ಮೂರು ಬಿದ್ದಾಗ ಎಳೆಯ ಮಗು ಸಾಮಾನ್ಯವಾಗಿ ತಾನು ನಿಂತ ಮನೆಯನ್ನೇ ಒಂದೆಂದು ಎಣಿಸಿ ಎರಡೇ ಮನೆ ಮುಂದೆ ಹೋಗುತ್ತದೆ. ಒಂದು ಸಂಖ್ಯೆಗೆ ಒಂದೇ ವಸ್ತು ಎಂಬ ಹೊಂದಿಕೆ ಮಣೆಯ ಮೇಲೆ ಬೆರಳಿಗೆ ಸಿಗದೆ ಜಾರುವುದುಂಟು, ನೆಲದ ಮೇಲಾದರೋ ಒಂದು ಸಂಖ್ಯೆಗೆ ಒಂದು ನೆಗೆತವಿರುವುದರಿಂದ ತಪ್ಪು ಕಾಲಿಗೇ ಗೊತ್ತಾಗುತ್ತದೆ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದು, 1939ರಲ್ಲಿ ಮದ್ರಾಸಿನ ಅಡ್ಯಾರಿಗೂ ಬಂದು ಪಾಠ ಹೇಳಿದ ಮರಿಯಾ ಮಾಂಟೆಸ್ಸರಿ, ನೆಲದಲ್ಲಿ ಗೆರೆ ಬರೆದು ಅದರ ಮೇಲೆ ಮಕ್ಕಳನ್ನು ನಡೆಸುತ್ತಿದ್ದುದು ಮೈಯ ಹಿಡಿತವೂ ಮನಸ್ಸಿನ ಏಕಾಗ್ರತೆಯೂ ಒಟ್ಟಿಗೆ ಬೆಳೆಯಲೆಂದೇ. ಚೌಕಾಬಾರದ ಗೆರೆಗಳು ಅದಕ್ಕೆ ಸಂಖ್ಯೆಯನ್ನೂ ಸ್ಪರ್ಧೆಯನ್ನೂ ಸೇರಿಸುತ್ತವೆ.

ಹೊರಸುತ್ತಿನ 16 ಮನೆಗಳನ್ನು ಎಡಸುತ್ತಾಗಿ ಮುಗಿಸಿದ ಕಾಯಿ ಒಳಸುತ್ತಿನ 8 ಮನೆಗಳಲ್ಲಿ ಬಲಸುತ್ತಾಗಿ ತಿರುಗಿ ನಡುಮನೆ ಸೇರಿ ಹಣ್ಣಾಗಬೇಕು. ಈ ತಿರುವಿನಲ್ಲಿ ಮಕ್ಕಳು ತಬ್ಬಿಬ್ಬಾಗುವುದೇ ಒಂದು ಚೆಂದ. ಎಡ ಬಲಗಳು ಇಲ್ಲಿ ಬಾಯಿಪಾಠವಲ್ಲ, ದಾರಿ. ಕಡಿಸಿಕೊಂಡ ಕಾಯಿ, ಅಂದರೆ ಎದುರಾಳಿ ಬಂದು ನಿಂತುದರಿಂದ ಮನೆ ಕಳೆದುಕೊಂಡದ್ದು, ಮೊದಲಿನಿಂದ ಹೊರಡಬೇಕಾದಾಗ ಕಣ್ಣೀರು ಬರುವುದೂ ಸಹಜ. ಗುರುತು ಹಾಕಿದ ಕಟ್ಟೆಯ ಮನೆಯಲ್ಲಿ ನಿಂತವರನ್ನು ಕಡಿಯುವಂತಿಲ್ಲವೆಂಬ ಕಟ್ಟಳೆ ಆಗ ದೊಡ್ಡ ಸಮಾಧಾನ. ಒಬ್ಬರಿಗೆ ನಾಲ್ಕು ಕಾಯಿಗಳೆಂಬ ರೂಢಿಯನ್ನು ಮಾತ್ರ ಇಲ್ಲಿ ಕೈಬಿಡಲೇಬೇಕು.

ಕಾಲುಚೀಲ ನುಣುಪು ನೆಲದಲ್ಲಿ ಜಾರಿಸುವುದರಿಂದ ಬರಿಗಾಲೇ ಲೇಸು. ಸಿಕ್ಕಿದ್ದನ್ನೆಲ್ಲ ಬಾಯಿಗೋ ಮೂಗಿಗೋ ತುರುಕುವ ಕೂಸುಗಳಿದ್ದರೆ ಬೀಜಗಳನ್ನು ಅವುಗಳ ಕೈಗೆಟುಕದಂತೆ ಇಡಬೇಕು. ಹಿರಿಯರಲ್ಲಿ ಬಿನ್ನಹವೊಂದೇ: ಕುರ್ಚಿಯಲ್ಲಿ ಕುಳಿತು ಲೆಕ್ಕ ತಿದ್ದುವ ಬದಲು ತಾವೂ ಕಾಯಿಯಾಗಿ ಕಣಕ್ಕಿಳಿಯಲಿ, ಮತ್ತು ಮೊಮ್ಮಗಳ ಕೈಯಲ್ಲಿ ಕಡಿಸಿಕೊಂಡಾಗ ತಕರಾರು ತೆಗೆಯದೆ ಮೊದಲ ಮನೆಗೆ ಹಿಂದಿರುಗಲಿ.