ಮಕ್ಕಳ ಕೈಯ ಕಾಣಿಕೆ

ನಗರ್ತಪೇಟೆಯ ಗಲ್ಲಿಯೊಂದರಲ್ಲಿ ನಾವು ವಾಸಮಾಡತೊಡಗಿ ಅರುವತ್ತು ವರ್ಷಗಳಿಗೆ ಮೇಲಾಯಿತು. ಚಿನ್ನಬೆಳ್ಳಿಯ ಕೆಲಸದವರ ಸುತ್ತಿಗೆಯ ಸದ್ದು, ಬಟ್ಟೆಯ ಮೂಟೆಗಳನ್ನು ಹೊತ್ತ ಕೈಗಾಡಿಯವರ ಕೂಗು, ಇವುಗಳ ನಡುವೆ ಭಾನುವಾರದ ಬೆಳಗು ಮಾತ್ರವೇ ತುಸು ನಿಶ್ಶಬ್ದವಾಗಿರುವುದು. ಆ ಹೊತ್ತಿನಲ್ಲಿ ಮೊಮ್ಮಕ್ಕಳಿಬ್ಬರ ಕೈಹಿಡಿದು ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯಕ್ಕೆ ಆರಾಧನೆಗಾಗಿ ನಡೆದು ಹೋಗುವುದು ನಮ್ಮ ವಾಡಿಕೆ. ಹೊಸ್ತಿಲು ದಾಟುವ ಮುನ್ನ ಒಬ್ಬೊಬ್ಬರ ಅಂಗೈಯಲ್ಲಿಯೂ ಹತ್ತು ರೂಪಾಯಿಯ ನಾಣ್ಯವೊಂದನ್ನಿಟ್ಟು, "ಕಾಣಿಕೆಯ ಚೀಲ ಬಂದಾಗ ಹಾಕಬೇಕು, ದಾರಿಯಲ್ಲಿ ಬೀಳಿಸಬಾರದು" ಎಂದು ಎಚ್ಚರಿಸುವುದೂ ವಾಡಿಕೆಯೇ. ನಮ್ಮ ತಂದೆಯವರು ನಮಗೂ ಹಾಗೆಯೇ ಹೇಳುತ್ತಿದ್ದರು. ಆಗ ಅದು ಐದು ಪೈಸೆಯ ಬಿಲ್ಲೆಯಾಗಿತ್ತು.

ಎರಡು ವರ್ಷಗಳ ಹಿಂದೆ, ಆಗ ಏಳು ವರ್ಷದವನಾಗಿದ್ದ ಮೊಮ್ಮಗನು ನಡುದಾರಿಯಲ್ಲಿ ನಿಂತು ಕೇಳಿದನು: "ತಾತ, ಇದು ನಿಮ್ಮ ದುಡ್ಡಲ್ಲವೇ? ಹಾಗಾದರೆ ಕಾಣಿಕೆ ಕೊಡುವವರು ನೀವೋ, ನಾನೋ?"

"ಇಬ್ಬರೂ" ಎಂದು ಹೇಳಿ ಮುಂದೆ ನಡೆದೆವು. ಆ ಉತ್ತರವು ನಮಗೇ ಒಪ್ಪಿಗೆಯಾಗಲಿಲ್ಲ. ನಮ್ಮ ಮಗನಾದರೋ ತನ್ನ ಕಾಣಿಕೆಯನ್ನು ಮೊಬೈಲಿನಿಂದಲೇ ಕಳುಹಿಸಿಬಿಡುತ್ತಾನೆ. ತಂದೆಯು ಕೊಡುವುದನ್ನು ಮಕ್ಕಳು ಕಂಡೇ ಇಲ್ಲ. ಅವನು ಮೊಬೈಲು ನೋಡುವುದನ್ನು ಮಾತ್ರ ಕಂಡಿದ್ದಾರೆ.

ಈ ಪೇಟೆಯಲ್ಲಿ ಬೆಳೆಯುವ ಮಗುವಿಗೆ ಕೊಡುವುದೆಂದರೇನೆಂದು ತಿಳಿಯದೆಂದಲ್ಲ. ರಾಮನವಮಿಯಂದು ನೆರೆಹೊರೆಯವರು ಪಾನಕ, ಕೋಸಂಬರಿ, ನೀರುಮಜ್ಜಿಗೆಗಳನ್ನು ಹೋಗಿಬರುವವರಿಗೆಲ್ಲ ಹಂಚುವಾಗ ನಮ್ಮ ಮಕ್ಕಳೂ ಲೋಟ ಹಿಡಿದು ನಿಲ್ಲುತ್ತಾರೆ. ಕುಲವಾಗಲಿ ಮತವಾಗಲಿ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ದೇವಾಲಯಕ್ಕೆ ಯಾರ ಹೆಸರಿಟ್ಟಿರುವರೋ ಆ ಬೆಂಜಮಿನ್ ಹೋಲ್ಟ್ ರೈಸರು ಲಂಡನ್ ಮಿಷನ್ನಿನವರಾಗಿ 1837ರಲ್ಲಿ ಬೆಂಗಳೂರಿಗೆ ಬಂದು, ಕನ್ನಡವನ್ನು ಕಲಿತು, ಈ ಪೇಟೆಯ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿ, ಸುಮಾರು ಐವತ್ತು ವರ್ಷಗಳ ಆಯುಸ್ಸನ್ನು ಇಲ್ಲಿಗೇ ಕೊಟ್ಟರು. ಶಾಸನಗಳನ್ನು ಸಂಗ್ರಹಿಸಿದ ಲೂಯಿ ರೈಸರು ಇವರ ಮಗನೆಂಬುದನ್ನು ವಾಚಕರು ಬಲ್ಲರು. ಇವೆಲ್ಲವನ್ನೂ ನಾವು ಮಕ್ಕಳಿಗೆ ಕಥೆಯಂತೆ ಹೇಳಿದ್ದೆವು. ವಿಧವೆಯ ಎರಡು ಕಾಸಿನ ಪ್ರಸಂಗವನ್ನಂತೂ ಎಷ್ಟು ಸಲ ಹೇಳಿದ್ದೆವೋ ಲೆಕ್ಕವಿಲ್ಲ. ಹೇಳುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಚಳಿಯು ಜೋರಾಗಿತ್ತು. ನಮ್ಮ ಸೊಸೆಯು ಕ್ರಿಸ್ಮಸ್ಸಿಗೆಂದು ಎರಡು ತಿಂಗಳು ರಾತ್ರಿಯ ಹೊತ್ತು ಕುಳಿತು ಹುಡುಗನಿಗೆ ನೀಲಿ ಉಣ್ಣೆಯ ಸ್ವೆಟರೊಂದನ್ನು ಹೆಣೆದಿದ್ದಳು. ಅದನ್ನು ತೊಟ್ಟು ಮೂರು ದಿನವಾಗಿರಲಿಲ್ಲ, ಹುಡುಗನು ಬರಿಯ ಅಂಗಿಯಲ್ಲಿ ನಡುಗುತ್ತ ಮನೆಗೆ ಬಂದನು. ವಿಚಾರಿಸಿದಾಗ, ಗಲ್ಲಿಯ ಬಾಯಲ್ಲಿ ಕೂತು ಹೂವು ಮಾರುವಾಕೆಯ ಮಗನಿಗೆ ಕೊಟ್ಟೆನೆಂದನು. ಅವನ ಮುಖದಲ್ಲಿ ಆಗ ಇದ್ದ ಸಂತೋಷವನ್ನು ನಾವು ಕಂಡೆವು, ಕಂಡೂ ಕೋಪಿಸಿಕೊಂಡೆವು. ಅದು ತಾಯಿಯ ಕೈಯ ಕೆಲಸ, ಕೇಳದೆ ಕೊಡುವ ಅಧಿಕಾರವನ್ನು ನಿನಗೆ ಕೊಟ್ಟವರಾರು, ಎಂದೆಲ್ಲ ಗದರಿದೆವು. ಸೊಸೆಯು ಒಂದು ಮಾತನ್ನೂ ಆಡದೆ ಒಳಕ್ಕೆ ಹೋದಳು. ಅವಳ ಮೌನವನ್ನು ದುಃಖವೆಂದು ತಿಳಿದು, ನಾವೇ ಮೆಟ್ಟು ಮೆಟ್ಟಿಕೊಂಡು ಹೊರಟೆವು.

ಹೂವಿನವಳು ನಮ್ಮನ್ನು ಕಂಡೊಡನೆ ಎದ್ದು ನಿಂತಳು. ನಾವು ಬಾಯಿ ತೆರೆಯುವ ಮೊದಲೇ ಮಗನ ಮೈಯಿಂದ ಸ್ವೆಟರನ್ನು ಬಿಚ್ಚಿ, ಕೊಡವಿ, ಮಡಿಸಿ, "ಮಗು ಪ್ರೀತಿಯಿಂದ ಕೊಡ್ತು ಅಂತ ಇಸ್ಕೊಂಡೆ ಸ್ವಾಮಿ, ತಪ್ಪಾಯ್ತು" ಎಂದಳು. ಅಷ್ಟು ಹೊತ್ತಿಗಾದರೂ ನಮಗೆ ಬುದ್ಧಿ ಬರಬೇಕಾಗಿತ್ತು. ಬರಲಿಲ್ಲ. ಸ್ವೆಟರನ್ನು ಕಂಕುಳಲ್ಲಿಟ್ಟುಕೊಂಡು ಮರಳಿದೆವು. ಅದಿನ್ನೂ ಆ ಮಗುವಿನ ಮೈಯಿಂದ ಬೆಚ್ಚಗಿತ್ತು.

ಮರುಭಾನುವಾರ ಮೊಮ್ಮಗನು ಹತ್ತು ರೂಪಾಯಿಯ ನಾಣ್ಯವನ್ನು ಚೀಲಕ್ಕೆ ಹಾಕಿದನು, ಆದರೆ ಚೀಲದ ಕಡೆ ನೋಡಲೂ ಇಲ್ಲ. ಅನೇಕ ವಾರಗಳು ಹೀಗೆಯೇ ನಡೆದವು. ಒಮ್ಮೆ ತಂಗಿಯು ತನ್ನ ಬೊಂಬೆಯನ್ನು ಪಕ್ಕದ ಮನೆಯ ಹುಡುಗಿಗೆ ಕೊಡಹೋದಾಗ, "ಬೇಡ, ತಾತ ಹೋಗಿ ವಾಪಸು ತರುತ್ತಾರೆ" ಎಂದನಂತೆ. ಈ ಮಾತು ನಮ್ಮ ಮನೆಯಾಕೆಯ ಮೂಲಕ ನಮ್ಮ ಕಿವಿಗೆ ಬಿದ್ದ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಎದ್ದು ದೀಪ ಹಾಕಿ ಸುವಾರ್ತೆಗಳನ್ನು ತಿರುವಿದೆವು. ನಾವು ಇಷ್ಟು ಕಾಲ ಬೋಧಿಸಿದ್ದ ವಿಧವೆಗೆ ಯೇಸುಸ್ವಾಮಿಯು ಒಂದು ಮಾತನ್ನೂ ಬೋಧಿಸಿರಲಿಲ್ಲವೆಂಬುದು ಆ ರಾತ್ರಿ ಕಣ್ಣಿಗೆ ಬಿತ್ತು. ಆತನು ಬೊಕ್ಕಸದ ಎದುರಿಗೆ ಸುಮ್ಮನೆ ಕುಳಿತು, ಜನರು ಹೇಗೆ ಹಾಕುತ್ತಾರೆಂದು ನೋಡುತ್ತಿದ್ದನು; ಮಾತನಾಡಿದ್ದು ಶಿಷ್ಯರೊಡನೆ. ಇನ್ನು ಐದು ಜವೆಗೋದಿಯ ರೊಟ್ಟಿ, ಎರಡು ಮೀನುಗಳ ಪ್ರಸಂಗ. ಅವು ಹುಡುಗನೊಬ್ಬನ ಬಳಿಯಲ್ಲಿದ್ದವೆಂದು ಹೇಳುವವನು ನಾಲ್ವರಲ್ಲಿ ಯೋಹಾನನೊಬ್ಬನೇ. ಆ ಬುತ್ತಿಯನ್ನು ಕಟ್ಟಿಕೊಟ್ಟವರಾರು? ತಾಯಿಯೇ ಆಗಿದ್ದರೆ, ಅವಳನ್ನು ಕೇಳಿ ಬಾ ಎಂದು ಯಾರಾದರೂ ಹುಡುಗನನ್ನು ಮನೆಗೆ ಅಟ್ಟಿದರೇ? ಆ ಗುಂಪಿನಲ್ಲಿ ನಮ್ಮಂಥ ತಾತನೊಬ್ಬನಿದ್ದಿದ್ದರೆ ಆ ದಿನ ಐದು ಸಾವಿರ ಮಂದಿಗೂ ಉಪವಾಸವೇ ಗತಿಯಾಗುತ್ತಿತ್ತೋ ಏನೋ! ಕೊಡುವವನು ಮನಸ್ಸಿನಲ್ಲಿ ತಾನೇ ನಿಶ್ಚಯಿಸಿಕೊಂಡಂತೆ ಕೊಡಲಿ, ಒತ್ತಾಯದಿಂದ ಬೇಡ, ಎಂಬ ಅರ್ಥದಲ್ಲಿ ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ನಾವಾದರೋ ಕೊಡುವುದನ್ನೂ ಒತ್ತಾಯದಿಂದ ಮಾಡಿಸಿದ್ದೆವು, ಹಿಂದಕ್ಕೆ ತರುವುದನ್ನೂ ಒತ್ತಾಯದಿಂದಲೇ ಮಾಡಿದ್ದೆವು.

ನಮ್ಮ ಮನೆಯಾಕೆಗೆ ಇಷ್ಟು ಓದುವ ಅವಶ್ಯಕತೆಯಿರಲಿಲ್ಲ. ಆಕೆಯು ಅಟ್ಟದ ಮೇಲಿನಿಂದ ನಮ್ಮ ತಾಯಿಯವರ ಕಾಲದ ಹಿತ್ತಾಳೆಯ ಚೆಂಬೊಂದನ್ನು ಇಳಿಸಿ, ಹುಣಿಸೆಹಣ್ಣು ಹಾಕಿ ತಿಕ್ಕಿ, ಅಕ್ಕಿಯ ಡಬ್ಬದ ಪಕ್ಕದಲ್ಲಿಟ್ಟಳು. ಹಿಡಿ ಅಕ್ಕಿಯ ಪದ್ಧತಿಯು ನಮ್ಮ ಮನೆಯಲ್ಲಿ ಹಿಂದೆ ಇದ್ದದ್ದೇ. ಅಡಿಗೆಗೆ ಅಕ್ಕಿಯನ್ನು ಅಳೆದಾದ ಮೇಲೆ, ತೊಳೆಯುವ ಮುನ್ನ, ಅದರಿಂದ ಒಂದು ಹಿಡಿ ತೆಗೆದು ದೇವರ ಕೆಲಸಕ್ಕೆಂದು ಬೇರೆಯಿಡುವುದು. ಮಿಜೋರಾಮಿನ ಸಭೆಯ ಸ್ತ್ರೀಯರು ಇದನ್ನೇ 1910ರಲ್ಲಿ ಆರಂಭಿಸಿ, 'ಬುಹ್‌ಫಾಯ್ ಥಾಮ್' ಎಂದು ಕರೆದು, ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಬಡವರ ಅಡಿಗೆಮನೆಗಳ ಈ ಹಿಡಿಗಳಿಂದಲೇ ಅಲ್ಲಿ ಎಷ್ಟೋ ಸುವಾರ್ತಿಕರ ಪೋಷಣೆ ನಡೆದಿದೆ. ನಮ್ಮಲ್ಲಿ ಕುಕ್ಕರು ಬಂದ ಮೇಲೆಯೋ ಏನೋ, ಅದು ಹೇಗೆ ನಿಂತುಹೋಯಿತೆಂದು ಯಾರಿಗೂ ನೆನಪಿಲ್ಲ.

ಹಿಡಿ ತೆಗೆಯುವ ಕೆಲಸವನ್ನು ಅಜ್ಜಿಯು ಮೊಮ್ಮಗನಿಗೆ ವಹಿಸಿದಳು. ಉಪದೇಶವೇನನ್ನೂ ಮಾಡಲಿಲ್ಲ. ಮೊದಲ ಕೆಲವು ದಿನ ಅವನು ಅರೆಮನಸ್ಸಿನಿಂದಲೇ ತೆಗೆದನು. ಆಮೇಲೆ ಚೆಂಬು ಎಷ್ಟು ತುಂಬಿತೆಂದು ಬಗ್ಗಿ ನೋಡಲಾರಂಭಿಸಿದನು. ತಿಂಗಳ ಕಡೆಯ ಭಾನುವಾರ ಅದನ್ನು ತಾನೇ ಎರಡು ಕೈಗಳಿಂದ ಹೊತ್ತು ಅವೆನ್ಯೂ ರಸ್ತೆಯ ಜನಸಂದಣಿಯಲ್ಲಿ ನಡೆದನು; ನಾವು ಹಿಡಿಯಲು ಹೋದರೆ ಬಿಡಲಿಲ್ಲ.

ಒಂದು ದಿನ ಊರಿನಿಂದ ನೆಂಟರು ಬಂದಿದ್ದರು. ಅಳೆದ ಅಕ್ಕಿಯು ಎಲ್ಲರಿಗೂ ಸಾಲದೆಂದು ತೋರಿ, "ಮಗು, ಇವತ್ತು ಹಿಡಿಯನ್ನು ಪಾತ್ರೆಯಿಂದ ತೆಗೆಯಬೇಡ, ಮೂಟೆಯಿಂದ ತೆಗೆದುಕೋ" ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಮೂಟೆಯಿಂದ ತೆಗೆದರೆ ನಮಗೇನೂ ಕಡಿಮೆಯಾಗುವುದಿಲ್ಲವಲ್ಲ, ತಾತ" ಎಂದನು. ನಲವತ್ತು ಸಲ ವಿಧವೆಯ ಪ್ರಸಂಗವನ್ನು ಹೇಳಿದ್ದ ನಮಗೆ ಉತ್ತರ ತೋಚಲಿಲ್ಲ. ಅವನು ಪಾತ್ರೆಯಿಂದಲೇ ತೆಗೆದನು. ಆ ಮಧ್ಯಾಹ್ನ ನಾವು ಒಂದು ತುತ್ತು ಕಡಿಮೆ ಉಂಡೆವು. ಅದರಿಂದ ನಮಗೇನೂ ಆಗಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸ್ವೆಟರಿನ ಸಂಗತಿಯನ್ನು ಸರಿಪಡಿಸಲು ಮಾತ್ರ ನಮಗೆ ಬಹಳ ಕಾಲ ಧೈರ್ಯ ಬರಲಿಲ್ಲ. ಕಡೆಗೆ ಸೊಸೆಯ ಬಳಿ ಹೋಗಿ, ಅಂದು ಅವಳನ್ನು ಕೇಳದೆ ಮಾಡಿದ್ದು ತಪ್ಪೆಂದು ಹೇಳಿದೆವು. "ನಾನು ಬೇಸರದಿಂದ ಒಳಗೆ ಹೋದದ್ದಲ್ಲ ಮಾವ, ಇನ್ನೊಂದಕ್ಕೆ ಉಣ್ಣೆ ಉಳಿದಿದೆಯೇ ಎಂದು ನೋಡಲು ಹೋಗಿದ್ದೆ" ಎಂದಳು. ನಾವು ಅಷ್ಟರೊಳಗೆ ಮೆಟ್ಟು ಮೆಟ್ಟಿ ಹೊರಟುಬಿಟ್ಟಿದ್ದೆವು.

ಕಳೆದ ಚಳಿಗಾಲದಲ್ಲಿ ಅವಳು ಮತ್ತೆ ಹೆಣಿಗೆಗೆ ಕುಳಿತಳು. ಮೊಮ್ಮಗನು ಎದುರಿಗೆ ಕುಳಿತು ಎರಡು ಕೈಗಳಲ್ಲಿ ಉಣ್ಣೆಯ ಲಡಿಯನ್ನು ಹಿಡಿದನು. ಮನೆಗೆಲಸದ ನಡುವೆ ಅದು ಮುಗಿಯುವಷ್ಟರಲ್ಲಿ ಸಂಕ್ರಾಂತಿಯೂ ಕಳೆದು, ಚಳಿಯು ಮುಕ್ಕಾಲು ಪಾಲು ಹೋಗಿತ್ತು. ಹೂವಿನವಳ ಬಳಿಗೆ ಈ ಸಲ ಎಲ್ಲರೂ ಹೋದೆವು; ನಾವು ಹಿಂದೆ ನಿಂತೆವು. ಆಕೆಯು ನಮ್ಮ ಕಡೆಗೊಮ್ಮೆ ನೋಡಿ, "ಇಸ್ಕೊಳ್ಳಲಾ ಸ್ವಾಮಿ?" ಎಂದು ಕೇಳಿದಳು. ನಾವು ತಲೆಯಾಡಿಸಿದೆವು. ಅಳತೆ ಸ್ವಲ್ಪ ದೊಡ್ಡದಾಗಿತ್ತು. ಆಕೆಯು ಮಗನ ತೋಳುಗಳನ್ನು ಎರಡು ಸುತ್ತು ಮಡಿಸಿ, ಹೂವು ಕಟ್ಟುವುದಕ್ಕೆ ಮತ್ತೆ ಕುಳಿತಳು.