ಕಾಲ್ದಾರಿಯ ಕೊನೆಯ ಕಡಲು

ಹೊಸೂರು ಸೀಮೆಗೆ ಕಡಲಿಲ್ಲ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಈ ನಾಡಿನಲ್ಲಿ ಕಡಲಿನ ಪರಿಚಯವಿರುವುದು ಹೊಳೆಗೆ ಮಾತ್ರ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿಯು ಕೆಲವರಪಳ್ಳಿ ಅಣೆಕಟ್ಟನ್ನೂ ಕೃಷ್ಣಗಿರಿ ಜಲಾಶಯವನ್ನೂ ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೀರು ಮೂಡಣಕ್ಕೆ ಹರಿದರೂ ಇಲ್ಲಿನ ಕನ್ನಡ ಮನೆಗಳ ಹಿರಿಯರ ಮನಸ್ಸು ಹರಿಯುವುದು ಪಡುವಣಕ್ಕೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಗೋಕರ್ಣಗಳ ಕಡೆಗೆ. ಸಾಯುವುದರೊಳಗೆ ಒಮ್ಮೆ ಗೋಕರ್ಣದ ಮಹಾಬಲೇಶ್ವರನನ್ನು ಕಂಡು ಸಮುದ್ರಸ್ನಾನ ಮಾಡಬೇಕೆಂಬ ಹರಕೆ ಎಷ್ಟೋ ಅಜ್ಜಿಯರ ಎದೆಯಲ್ಲಿದೆ.

ತಳಿ ಕಡೆಯ ಹಳ್ಳಿಯೊಂದರ ಕುಟುಂಬವು ಅರೆವಾರ್ಷಿಕ ಪರೀಕ್ಷೆಯ ಡಿಸೆಂಬರ್ ರಜೆಯಲ್ಲಿ ಇಂಥದೇ ಹರಕೆಯನ್ನು ಹೊತ್ತು ಹೊರಟಿತು. ತಂದೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ತಾಯಿ, ಅಜ್ಜಿ, ಎಂಟನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ. ಮಕ್ಕಳಿಬ್ಬರೂ ಸರಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುವವರು. ಮಗಳು ಜೂನ್ ತಿಂಗಳಲ್ಲಿ ಒಂಬತ್ತಕ್ಕೆ ಹೋಗಬೇಕು. ಅವಳನ್ನು ಎಲ್ಲಿಗೆ ಸೇರಿಸುವುದೆಂಬ ಪ್ರಶ್ನೆ ಆ ಮನೆಯಲ್ಲಿ ಹಲವು ತಿಂಗಳಿಂದ ಕುದಿಯುತ್ತಿತ್ತು. "ಜೂಜುವಾಡಿಯಿಂದ ಈಚೆಗೆ ಕನ್ನಡ ಯಾವ ಕೆಲಸಕ್ಕೆ ಬರುತ್ತದೆ?" ಎಂಬುದು ತಂದೆಯ ಮಾತು. "ಮನೆಯೊಳಗೆ ಬರುತ್ತದಲ್ಲ" ಎಂಬುದು ತಾಯಿಯ ಉತ್ತರ. ಈ ಎರಡು ಮಾತುಗಳ ನಡುವೆ ಮಗಳು ಮೌನವಾಗಿರುತ್ತಿದ್ದಳು. ಗಡಿನಾಡಿನ ಅನೇಕ ಮನೆಗಳಲ್ಲಿ ಈ ಸಂಭಾಷಣೆ ಇದೇ ಶಬ್ದಗಳಲ್ಲಿ ನಡೆಯುತ್ತದೆ ಎಂದರೆ ತಪ್ಪಾಗದು.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನ, ಸಕಲೇಶಪುರಗಳ ಮೂಲಕ ರಾತ್ರಿಯಲ್ಲಿ ಘಟ್ಟವಿಳಿದು, ಬೆಳಗ್ಗೆ ಗೋಕರ್ಣ ರೋಡ್ ನಿಲ್ದಾಣವನ್ನು ಮುಟ್ಟುತ್ತದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಬಳಿಕ ಕುಮಟಾ ತಾಲ್ಲೂಕಿನ ಈ ಕ್ಷೇತ್ರ ದೂರದವರಿಗೂ ಹತ್ತಿರವಾಗಿದೆ. ಮೊದಲ ದಿನ ದರ್ಶನ, ಸಮುದ್ರಸ್ನಾನಗಳು ಮುಗಿದವು. ಅಜ್ಜಿಯ ಹರಕೆ ತೀರಿತು. ಎರಡನೆಯ ದಿನ ಮಕ್ಕಳದಾಗಿತ್ತು.

ಗೋಕರ್ಣದ ಊರತೀರದಿಂದ ದಕ್ಷಿಣಕ್ಕೆ ಗುಡ್ಡಗಳ ನಡುನಡುವೆ ಕಡಲತೀರಗಳ ಸಾಲೇ ಇದೆ. ಮೊದಲು ಕುಡ್ಲೆ, ಅನಂತರ ಬಂಡೆಗಳಿಂದಾಗಿ ಓಂಕಾರದ ಆಕಾರ ತಳೆದ ಓಂ ತೀರ, ಅದರಾಚೆ ಅರ್ಧಚಂದ್ರದಂತಿರುವ ಹಾಫ್‌ಮೂನ್, ಕೊನೆಗೆ ಪ್ಯಾರಡೈಸ್. ಓಂ ತೀರದವರೆಗೆ ಆಟೋ ಬರುತ್ತದೆ. ಹಾಫ್‌ಮೂನಿಗೆ ರಸ್ತೆಯಿಲ್ಲ, ದೋಣಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು. ದೋಣಿಯ ಬಾಡಿಗೆಯನ್ನು ಕೇಳಿದ ತಂದೆ ನಡೆಯುವುದೇ ಸರಿ ಎಂದ. "ನಾನೂ ಬರುತ್ತೇನೆ" ಎಂದು ಅಜ್ಜಿ ಸೆರಗು ಬಿಗಿದಳು. ಅಂಚೆಟ್ಟಿಯ ಕಾಡುದಾರಿಗಳಲ್ಲಿ ತಲೆಹೊರೆ ಹೊತ್ತು ಸಂತೆಗೆ ನಡೆದ ಕಾಲುಗಳು ಅವು.

ಓಂ ತೀರದ ದಕ್ಷಿಣದ ತುದಿಯಿಂದ ಕಾಲ್ದಾರಿ ಮೇಲೇರುತ್ತದೆ. ಕೆಂಪು ಮುರಕಲ್ಲಿನ ನೆಲ, ಎರಡೂ ಕಡೆ ಕುರುಚಲು ಗಿಡ. ಕೆಲವೆಡೆ ದಾರಿಯ ಬಲಬದಿಗೆ ನೇರವಾದ ಇಳಿಜಾರು, ಕೆಳಗೆ ಬಂಡೆ, ಬಂಡೆಗೆ ಬಡಿಯುವ ನೀರು. ಅಜ್ಜಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಹೆಜ್ಜೆಯಿಟ್ಟಳು. ಮೊಮ್ಮಗನ ಕೈಯನ್ನು ತಾಯಿ ಬಿಡಲಿಲ್ಲ. ಚುರುಕಾದವರಿಗೆ ಅರ್ಧ ಗಂಟೆಯ ಹಾದಿ. ಇವರಿಗೆ ಒಂದು ಗಂಟೆ ಹಿಡಿಯಿತು. ಗುಡ್ಡದ ಅಂಚು ತಿರುಗಿದಾಗ ಪುಟ್ಟ ಮರಳತೀರ ಕಣ್ಣಿಗೆ ಬಿತ್ತು. ಅಲ್ಲಿದ್ದವರು ಬೆರಳೆಣಿಕೆಯ ಜನ. ಹುಡುಗ ಓಡಿದ. ಅಜ್ಜಿ ಮರಳ ಮೇಲೆ ಕುಳಿತು, "ಇಷ್ಟು ನೀರಿಗೆ ಒಬ್ಬ ಯಜಮಾನನೂ ಇಲ್ಲವಲ್ಲ!" ಎಂದು ಬೆರಗಾದಳು.

ಅಜ್ಜಿಯ ಬೆರಗಿಗೆ ಬಹು ಹಳೆಯ ಕಾನೂನಿನ ಬೆಂಬಲವಿದೆ. ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಸಮುದ್ರತೀರಗಳು ಎಲ್ಲರಿಗೂ ಸಮಾನವಾಗಿ ಸೇರಿದವು ಎಂದು ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ರೋಮನ್ ಶಾಸ್ತ್ರಗ್ರಂಥ ಹೇಳಿತು. ಇದೇ ತತ್ತ್ವವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಎಂ.ಸಿ. ಮೆಹ್ತಾ ಮತ್ತು ಕಮಲನಾಥ್ ಮೊಕದ್ದಮೆಯ ತೀರ್ಪಿನಲ್ಲಿ ಎತ್ತಿಹಿಡಿಯಿತು: ಇಂಥ ಸಂಪತ್ತಿಗೆ ಸರಕಾರವು ಒಡೆಯನಲ್ಲ, ಜನರ ಪರವಾಗಿ ಕಾಯುವ ನ್ಯಾಸಧಾರಿ. ಕರಾವಳಿಯ ಕಟ್ಟಡಗಳಿಗೆ ಮಿತಿ ಹಾಕುವ ಕೇಂದ್ರದ ಅಧಿಸೂಚನೆ 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಹೊಸ ರೂಪ ಪಡೆಯಿತು. ಗ್ರೀಸ್ ದೇಶದಲ್ಲಿಯೂ ಕಡಲತೀರ ಸಾರ್ವಜನಿಕ ಸ್ವತ್ತೇ. ಆದರೂ 2023ರ ಬೇಸಗೆಯಲ್ಲಿ ಪಾರೋಸ್ ದ್ವೀಪದ ನಿವಾಸಿಗಳು, ಬಾಡಿಗೆಯ ಕುರ್ಚಿ ಕೊಡೆಗಳು ತೀರವನ್ನೆಲ್ಲ ಆಕ್ರಮಿಸಿವೆ, ತಮ್ಮ ಟವೆಲ್ ಹಾಸಲೂ ಜಾಗವಿಲ್ಲ ಎಂದು ಬೀದಿಗಿಳಿಯಬೇಕಾಯಿತು. ಕಾಗದದ ಮೇಲಿನ ಹಕ್ಕು ಬಳಸುವವರಿಲ್ಲದೆ ಸವೆದುಹೋಗುತ್ತದೆ. ಅದು ಕಡಲತೀರಕ್ಕೂ ಸತ್ಯ, ಭಾಷೆಗೂ ಸತ್ಯ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂಬ ಸಂವಿಧಾನದ 350-ಎ ವಿಧಿ 1956ರಲ್ಲಿಯೇ ಸೇರಿದೆ. ತರಗತಿಯಲ್ಲಿ ಮಕ್ಕಳಿದ್ದರೆ ಮಾತ್ರ ಅದಕ್ಕೆ ಜೀವ.

ಮಧ್ಯಾಹ್ನ ಬುತ್ತಿಯ ಚಿತ್ರಾನ್ನ ಮುಗಿದ ಮೇಲೆ ಹುಡುಗ ಪ್ಯಾರಡೈಸಿಗೂ ಹೋಗೋಣವೆಂದು ಹಟ ಹಿಡಿದ. ಅಲ್ಲಿಗೆ ಹೋಗುವ ಹಾದಿಯಲ್ಲಿ ಬಂಡೆಗಳನ್ನು ದಾಟಬೇಕು. ಇಷ್ಟು ದೂರ ಬಂದು ಅರ್ಧಕ್ಕೆ ಮರಳುವುದೇಕೆ ಎಂದು ತಂದೆಗೂ ಅನ್ನಿಸಿತ್ತು. ಬಲೆಯನ್ನು ಸರಿಪಡಿಸುತ್ತ ಕುಳಿತಿದ್ದ ಮುದುಕನೊಬ್ಬ ಕೂಗಿ ಹೇಳಿದ:

"ಭರತ ಏರ್ತಾ ಇದೆ. ಬಂಡೆ ಮೇಲೆ ಹೋಗಬೇಡಿ. ಹೋದರೆ ತಿರುಗಿ ಬರಲಿಕ್ಕೆ ದಾರಿ ಸಿಗೂದಿಲ್ಲ."

ತಂದೆಗೆ ಮಾತಿನ ಅರ್ಧವಷ್ಟೇ ತಿಳಿಯಿತು. ಭರತನೆಂದರೆ ರಾಮನ ತಮ್ಮ ಎಂಬುದು ಹುಡುಗನ ತಿಳಿವಳಿಕೆ. ಮಗಳು ಮುಂದೆ ಹೋಗಿ, "ಭರತ ಅಂದರೆ ಉಬ್ಬರವೇ ಅಜ್ಜ?" ಎಂದು ಕೇಳಿದಳು.

"ಹೌದು ತಂಗೀ. ನಿನ್ನ ಪುಸ್ತಕದಲ್ಲಿ ಉಬ್ಬರ, ನಮ್ಮಲ್ಲಿ ಭರತ."

ಇಳಿತ ಎಷ್ಟು ಹೊತ್ತಿಗಿತ್ತೆಂದು ಅವಳು ವಿಚಾರಿಸಿದಳು. ಬೆಳಗ್ಗೆ ಹತ್ತರ ಸುಮಾರಿಗೆ ಎಂದ ಮುದುಕ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗೂ ತುಸು ಹೆಚ್ಚು ಕಾಲ ಬೇಕೆಂಬುದು ಭೂಗೋಳದ ಪಾಠ. ಹಾಗಾದರೆ ನಾಲ್ಕು ಗಂಟೆ ಕಳೆಯುವ ಹೊತ್ತಿಗೆ ಬಂಡೆಗಳ ಸುತ್ತ ನೀರು ತುಂಬಿರುತ್ತದೆ. ಆಗ ಗಂಟೆ ಎರಡಾಗಿತ್ತು. ಅವಳು ಮರಳ ಮೇಲೆ ಬೆರಳಿನಿಂದ ಲೆಕ್ಕ ಬರೆದು ತಂದೆಗೆ ತೋರಿಸಿದಳು. ತಂದೆ ಒಮ್ಮೆ ಬಂಡೆಗಳ ಕಡೆ ನೋಡಿ, "ಸಾಕು, ಹಿಂದಿರುಗೋಣ" ಎಂದ.

ಅಷ್ಟರಲ್ಲಿ ನಾಲ್ಕಾರು ಯುವಕರು ಬಂಡೆಗಳತ್ತ ಹೊರಟಿದ್ದರು. ಮುದುಕ ಅವರನ್ನೂ ಕೂಗಿದ. ಅವರು ಕೈಬೀಸಿ ನಕ್ಕು ಮುಂದೆ ನಡೆದರು. ಅವರವರಲ್ಲಿ ನಡೆದಿದ್ದ ಮಾತು ತಮಿಳು. ಹುಡುಗಿ ಓಡಿಹೋಗಿ, "ಅಣ್ಣಾ" ಎಂದು ಕರೆದು, ಮುದುಕ ಹೇಳಿದ್ದನ್ನು ತಮಿಳಿನಲ್ಲಿ ವಿವರಿಸಿದಳು. ಗಂಟೆಗಳ ಲೆಕ್ಕವನ್ನೂ ಹೇಳಿದಳು. ಕೊಯಮತ್ತೂರಿನಿಂದ ಬಂದ ಆ ಯುವಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಮುದುಕ ತಮ್ಮನ್ನು ದೋಣಿಯ ಬಾಡಿಗೆಗಾಗಿ ಕೂಗುತ್ತಿದ್ದಾನೆಂದು ಅವರು ಭಾವಿಸಿದ್ದರಂತೆ. ಅವರೂ ಹಿಂದಿರುಗಿದರು. ಎರಡು ಬಾಟಲಿ ನೀರಷ್ಟೇ ಉಳಿದಿದ್ದ ಈ ಕುಟುಂಬಕ್ಕೆ ತಮ್ಮ ಕಿತ್ತಳೆಗಳನ್ನು ಕೊಟ್ಟು, ಏರುದಾರಿಯಲ್ಲಿ ಅಜ್ಜಿಗೆ ಕೈಯಾಸರೆಯಾದರು.

2006ರ ತಮಿಳು ಕಲಿಕೆ ಕಾಯಿದೆಯ ತರುವಾಯ ಕನ್ನಡ ಮಾಧ್ಯಮದ ಮಕ್ಕಳೂ ಮೊದಲ ತರಗತಿಯಿಂದ ತಮಿಳನ್ನು ಓದುತ್ತಾರೆ. ಆ ಕಾಯಿದೆಯ ಬಗ್ಗೆ ಗಡಿನಾಡಿನಲ್ಲಿ ವಾದಗಳಿವೆ, ಅಹವಾಲುಗಳಿವೆ, ಅವು ನ್ಯಾಯಯುತವಾದವೇ. ಆದರೆ ಆ ಮಧ್ಯಾಹ್ನ ಬಂಡೆಯ ಮುಂದೆ ನಿಂತಿದ್ದ ಹುಡುಗಿಗೆ ಎರಡು ಭಾಷೆಗಳೂ ಬೇಕಾದವು. ಕನ್ನಡವಿಲ್ಲದಿದ್ದರೆ ಮುದುಕನ ಮಾತಿನ ತಿರುಳು ಅವಳಿಗೆ ದಕ್ಕುತ್ತಿರಲಿಲ್ಲ; ತಮಿಳಿಲ್ಲದಿದ್ದರೆ ಅದು ಯುವಕರನ್ನು ತಲುಪುತ್ತಿರಲಿಲ್ಲ. ಕನ್ನಡ ಯಾವ ಕೆಲಸಕ್ಕೆ ಬರುತ್ತದೆಂಬ ಪ್ರಶ್ನೆಗೆ ಇದೊಂದೇ ಉತ್ತರವೆಂದಲ್ಲ. ಒಂದು ದಿನದ ಪ್ರಸಂಗದಿಂದ ಮಗುವಿನ ವಿದ್ಯಾಭ್ಯಾಸವನ್ನು ನಿರ್ಧರಿಸಲಾಗದು. ಆ ತಂದೆಯೂ ನಿರ್ಧರಿಸಿಲ್ಲ. ಆದರೆ ಊರಿಗೆ ಮರಳಿದ ವಾರವೇ, ಒಂಬತ್ತನೆಯ ತರಗತಿಯ ಕನ್ನಡ ಮಾಧ್ಯಮದ ಪುಸ್ತಕಗಳು ಸಕಾಲಕ್ಕೆ ಬರುತ್ತವೆಯೇ, ವಿಜ್ಞಾನಕ್ಕೆ ಅಧ್ಯಾಪಕರಿದ್ದಾರೆಯೇ ಎಂದು ಕೇಳಲು ಅವನು ಪ್ರೌಢಶಾಲೆಯ ಮೆಟ್ಟಿಲೇರಿದ. ಅದುವರೆಗೆ ಅವನು ಆ ಶಾಲೆಯೊಳಗೆ ಕಾಲಿಟ್ಟಿರಲಿಲ್ಲ. ಮಗಳನ್ನೂ ಜೊತೆಗೆ ಕರೆದೊಯ್ದ. ಪ್ರಶ್ನೆಗಳಲ್ಲಿ ಅರ್ಧದಷ್ಟನ್ನು ಅವಳೇ ಕೇಳಿದಳು.

ಆ ತೀರಕ್ಕೆ ಹೋಗಬಯಸುವ ಮನೆಗಳಿಗೆ ಕೆಲವು ಮಾತುಗಳು ಉಪಯೋಗವಾದಾವು. ಮಳೆಗಾಲದಲ್ಲಿ ಈ ಹಾದಿ ಜಾರುತ್ತದೆ, ಕಡಲೂ ಒರಟಾಗಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಬೆಳಗ್ಗೆ ಬೇಗ ಹೊರಟು, ಬೆಳಕಿರುವಾಗಲೇ ಮರಳಬೇಕು. ನೀರನ್ನೂ ಬುತ್ತಿಯನ್ನೂ ಒಯ್ಯಬೇಕು. ಒಯ್ದ ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ತಪ್ಪದೆ ಮರಳಿ ತರಬೇಕು. ಈಜು ಬಂದರೂ ಬಂಡೆಗಳ ಬಳಿ ನೀರಿಗಿಳಿಯಬಾರದು. ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಈಜಿ ದಣಿಯದೆ, ದಡಕ್ಕೆ ಸಮಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಹೊರಡುವ ಮುನ್ನ ಅಂದಿನ ಉಬ್ಬರ ಇಳಿತಗಳ ವೇಳೆಯನ್ನು ಮೀನುಗಾರರಲ್ಲಿ ಕೇಳಬೇಕು. ಕೇಳುವ ಕೆಲಸವನ್ನು ಮಕ್ಕಳಿಗೇ ಬಿಡುವುದು ಲೇಸು.